ನೀರಿನ ಲೆಕ್ಕವನ್ನು ಸರಿಪಡಿಸಿದ ವಕೀಲ ಅವೊಗಾಡ್ರೊ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ನೀರಿನ ಸೂತ್ರ ಎಚ್‌2ಓ ಎಂಬುದನ್ನು ಅರಿಯದವರು ವಿರಳ. ಎಚ್ ಎಂದರೆ ಜಲಜನಕ, ಓ ಎಂದರೆ ಆಮ್ಲಜನಕ. ಎಚ್ ಅಕ್ಷರದ ಮಗ್ಗುಲಲ್ಲಿರುವ 2 ಜಲಜನಕದ ಪರಮಾಣುಗಳ ಸಂಖ್ಯೆ. ಅಂಕಿಯಿಲ್ಲದ ಕಡೆ ಒಂದು ಎಂದೇ ಅರ್ಥ. ಹೀಗೆ ಎಣಿಸುವುದನ್ನು ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ. ಆದರೆ ಆ ಚಿಕ್ಕ ಅಂಕಿ ತನ್ನ ಸ್ಥಾನದಲ್ಲಿ ನೆಲೆಗೊಳ್ಳಲು ಸುಮಾರು ಐವತ್ತು ವರ್ಷ ಬೇಕಾಯಿತು. ಅದಕ್ಕೆ ದಾರಿ ತೋರಿದ ಮಹನೀಯರು ಓದಿದ್ದು ಕಾನೂನು ಎಂಬುದು, ಕಲಾ ವಿಭಾಗದಲ್ಲಿ ಓದಿ ಬ್ಯಾಂಕು ಸೇರಿದ ನನ್ನಂಥವನಿಗೆ ತುಸು ಸಮಾಧಾನದ ಸಂಗತಿ.

ಅಮೆಡಿಯೊ ಅವೊಗಾಡ್ರೊ 1776ರ ಆಗಸ್ಟ್ 9ರಂದು ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದರು. ವಕೀಲಿಕೆ ಮನೆತನದ ವೃತ್ತಿ. 1796ರಲ್ಲಿ ಚರ್ಚಿನ ಕಾನೂನಿನಲ್ಲಿ ಡಾಕ್ಟರೇಟ್ ಪಡೆದು ಅದೇ ವೃತ್ತಿಯನ್ನು ಹಿಡಿದರು. ಮನಸ್ಸು ಮಾತ್ರ ಗಣಿತ, ಭೌತಶಾಸ್ತ್ರಗಳತ್ತ ವಾಲಿತು. ಸ್ವಂತ ಆಸಕ್ತಿಯಿಂದ ಅವನ್ನು ಅಭ್ಯಸಿಸಿ, 1809ರಲ್ಲಿ ವೆರ್ಚೆಲ್ಲಿ ಎಂಬ ಪಟ್ಟಣದಲ್ಲಿ ಅಧ್ಯಾಪಕರಾದರು.

ಪರಮಾಣುವಾದವನ್ನು ಮುಂದಿಟ್ಟ ಇಂಗ್ಲೆಂಡಿನ ಡಾಲ್ಟನ್, ನೀರಿನಲ್ಲಿ ಜಲಜನಕ ಒಂದು, ಆಮ್ಲಜನಕ ಒಂದು ಎಂದು ಊಹಿಸಿಕೊಂಡಿದ್ದರು. ಸರಳವಾದುದೇ ಸರಿಯಿರಬೇಕೆಂಬುದು ಅವರ ನಂಬಿಕೆ. ನೀರಿನಲ್ಲಿ ಜಲಜನಕದ ತೂಕ ಒಂದು ಪಾಲಾದರೆ ಆಮ್ಲಜನಕದ್ದು ಸುಮಾರು 8 ಪಾಲು. ಒಂದಕ್ಕೆ ಒಂದು ಎಂದಾದರೆ ಆಮ್ಲಜನಕದ ಪರಮಾಣು ಜಲಜನಕದ 8ರಷ್ಟು ಭಾರ. ಎರಡಕ್ಕೆ ಒಂದು ಎಂದಾದರೆ 16ರಷ್ಟು. ಆರಂಭದ ಶಿಲ್ಕು ತಪ್ಪಿದರೆ ಲೆಡ್ಜರಿನ ಪ್ರತಿ ಪುಟವೂ ತಪ್ಪುವಂತೆ, ಈ ಒಂದು ಊಹೆಯಿಂದ ಆಮ್ಲಜನಕ ಸೇರಿದ ಪದಾರ್ಥಗಳ ಲೆಕ್ಕವೆಲ್ಲ ಏರುಪೇರಾಗುತ್ತಿತ್ತು.

ಫ್ರಾನ್ಸಿನ ಗೇ-ಲುಸಾಕ್ 1808ರಲ್ಲಿ ಬೇರೊಂದು ಸಂಗತಿಯನ್ನು ಪ್ರಕಟಿಸಿದರು. ಅನಿಲಗಳು ಸರಳ ಪ್ರಮಾಣದಲ್ಲೇ ಕೂಡುತ್ತವೆ. ಎರಡು ಅಳತೆ ಜಲಜನಕಕ್ಕೆ ಒಂದು ಅಳತೆ ಆಮ್ಲಜನಕ ಸೇರಿದರೆ ಎರಡು ಅಳತೆ ನೀರಾವಿ ಆಗುತ್ತದೆ. ಡಾಲ್ಟನ್ ಇದನ್ನು ಒಪ್ಪಲಿಲ್ಲ. ಅವೊಗಾಡ್ರೊ ಒಪ್ಪಿದರು, ಕುಳಿತು ಯೋಚಿಸಿದರು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಾನ ಅಳತೆಯ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ ಎಂಬುದು 1811ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಅವರು ಮಂಡಿಸಿದ ಸಿದ್ಧಾಂತ. ಹಾಗಾದರೆ ಆಮ್ಲಜನಕದ 100 ಅಣುಗಳಿಂದ ನೀರಾವಿಯ 200 ಅಣುಗಳು ಹುಟ್ಟುವುದು ಹೇಗೆ? ಆಮ್ಲಜನಕದ ಪ್ರತಿ ಅಣುವೂ ಎರಡಾಗಿ ಒಡೆದಿರಬೇಕು. ಜಲಜನಕದ ಅಣುವೂ ಹೀಗೆಯೇ ಜೋಡಿ. ಅಂದಮೇಲೆ 200 ಜಲಜನಕದ ಅಣುಗಳಲ್ಲಿ 400 ಪರಮಾಣುಗಳು; ನೀರಿನ ಪ್ರತಿ ಅಣುವಿಗೆ ಎರಡೆರಡು. ಲೆಕ್ಕ ತಾಳೆಯಾಯಿತು!

ಆದರೆ ವಿದ್ವಾಂಸರು ಕಿವಿಗೊಡಲಿಲ್ಲ. ಅಕ್ಷರ ಸಂಕೇತಗಳಿಂದ ಸೂತ್ರ ಬರೆಯುವ ಕ್ರಮವನ್ನು ಕೊಟ್ಟ ಸ್ವೀಡನ್ನಿನ ಬರ್ಜೀಲಿಯಸ್ ಅವರ ಮತದಂತೆ, ಒಂದೇ ವಿದ್ಯುತ್ ಗುಣದ ಎರಡು ಪರಮಾಣುಗಳು ಪರಸ್ಪರ ದೂಡಬೇಕೇ ಹೊರತು ಕೂಡಲಾರವು. ಅವೊಗಾಡ್ರೊ ಅವರಾದರೋ ಪ್ರಯೋಗಶಾಲೆಯ ಖ್ಯಾತಿಯಿಲ್ಲದ, ದೊಡ್ಡವರ ಒಡನಾಟವಿಲ್ಲದ ಸಂಕೋಚದ ಮನುಷ್ಯ. 1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪೀಠ ದೊರೆಯಿತು. 1821ರ ರಾಜಕೀಯ ಕ್ಷೋಭೆಯ ತರುವಾಯ ಅದೂ ಕೈತಪ್ಪಿತು. 1834ರಲ್ಲಿ ಮರಳಿ ಪಡೆದು 1850ರವರೆಗೆ ಬೋಧಿಸಿದರು. 1856ರ ಜುಲೈ 9ರಂದು ತೀರಿಕೊಂಡಾಗ ಅವರ ಸಿದ್ಧಾಂತವನ್ನು ನೆನೆದವರು ಕಡಿಮೆ.

ಅತ್ತ ಸೂತ್ರಗಳ ಗೊಂದಲ ಎಷ್ಟು ಬೆಳೆದಿತ್ತೆಂದರೆ, ವಿನಿಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವೊಂದಕ್ಕೇ 19 ಸೂತ್ರಗಳನ್ನು ಜರ್ಮನಿಯ ಕೆಕುಲೆ ತಮ್ಮ 1861ರ ಗ್ರಂಥದಲ್ಲಿ ಪಟ್ಟಿಮಾಡಿದ್ದಾರೆ. ಇದನ್ನು ಬಗೆಹರಿಸಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಅಲ್ಲಿ ಅವೊಗಾಡ್ರೊ ಪರವಾಗಿ ವಾದಿಸಿದವರು ಅವರದೇ ನಾಡಿನ ಕನ್ನಿಜಾರೊ. ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಕೊನೆಗೆ ಕನ್ನಿಜಾರೊ ಬರೆದಿದ್ದ ಪುಸ್ತಿಕೆಯ ಪ್ರತಿಗಳನ್ನು ಅವರ ಮಿತ್ರರೊಬ್ಬರು ಹಂಚಿದರು. ಲೋಥಾರ್ ಮೇಯರ್ ಅದನ್ನು ಓದಿ ಮನವೊಲಿದರು. ಸಭೆಯಲ್ಲಿದ್ದ ತರುಣ ಮೆಂಡಲೀವ್, ಸರಿಪಡಿಸಿದ ಪರಮಾಣು ತೂಕಗಳನ್ನೇ ಆಧಾರವಾಗಿಟ್ಟು 1869ರಲ್ಲಿ ಆವರ್ತ ಕೋಷ್ಟಕವನ್ನು ರಚಿಸಿದರು.

ಒಂದು ಮೋಲ್ ಪದಾರ್ಥದಲ್ಲಿರುವ ಕಣಗಳ ಸಂಖ್ಯೆಗೆ ಅವೊಗಾಡ್ರೊ ಹೆಸರನ್ನಿಟ್ಟವರು ಫ್ರಾನ್ಸಿನ ಪೆರಿನ್, 1909ರಲ್ಲಿ. ಆರು ಬರೆದು 23 ಸೊನ್ನೆ ಹಾಕಿದರೆ ಎಷ್ಟಾಗುವುದೋ ಅದಕ್ಕಿಂತ ತುಸು ಹೆಚ್ಚು. ಅವೊಗಾಡ್ರೊ ಆ ಸಂಖ್ಯೆಯನ್ನು ಎಂದೂ ಲೆಕ್ಕಹಾಕಿದವರಲ್ಲ.