ಭಾಷೆಗೊಂದು ಚರಿತ್ರೆ: ಜೆ. ಆರ್. ಆರ್. ಟೋಲ್ಕಿನ್

ಟೋಲ್ಕಿನ್ ಅವರನ್ನು ಕಥೆಗಾರರೆಂದು ಬಲ್ಲವರು ಅನೇಕರು. ಅವರ ಕಥಾಲೋಕ ಹುಟ್ಟಿದ್ದು ಭಾಷೆಗಳಿಗೆ ನೆಲೆಯೊದಗಿಸಲೆಂದು ಎಂಬುದನ್ನು ನೆನೆಯುವವರು ವಿರಳ.

1892ರ ಜನವರಿ 3ರಂದು ಇಂದಿನ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್‌ನಲ್ಲಿ ಜನಿಸಿದ ಅವರು ಮೂರರ ಪ್ರಾಯದಲ್ಲಿ ಇಂಗ್ಲೆಂಡಿಗೆ ಬಂದರು. ನಾಲ್ಕರಲ್ಲಿ ತಂದೆಯನ್ನೂ ಹನ್ನೆರಡರಲ್ಲಿ ತಾಯಿಯನ್ನೂ ಕಳೆದುಕೊಂಡರು. ಲ್ಯಾಟಿನ್ನಿನ ಮೊದಲ ಪಾಠ ತಾಯಿಯದೇ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಕಣ್ಣಿಗೆ ಬಿದ್ದ ಫಿನ್ನಿಶ್ ವ್ಯಾಕರಣವೊಂದು ಅವರನ್ನು ಸೆರೆಹಿಡಿಯಿತು. ಆ ನುಡಿಯ ನಾದವನ್ನು ಅನುಸರಿಸಿ 1915ರ ಸುಮಾರಿಗೆ 'ಕ್ವೆನ್ಯ' ಎಂಬ ಭಾಷೆಯನ್ನು ಕಟ್ಟತೊಡಗಿದರು. 1916ರಲ್ಲಿ ಸೊಮ್ ರಣರಂಗದಿಂದ ಕಾಯಿಲೆಬಿದ್ದು ಮರಳಿದ ಮೇಲೆ, ಅದನ್ನಾಡುವ ಎಲ್ಫ್ ಜನರ ಪುರಾಣವನ್ನೂ ಆರಂಭಿಸಿದರು. ಎಲ್ಫರೆಂದರೆ ಉತ್ತರ ಯುರೋಪಿನ ಜಾನಪದದಲ್ಲಿ ನಮ್ಮ ಯಕ್ಷರನ್ನು ಹೋಲುವವರು. ವೆಲ್ಶ್ ನುಡಿಯ ಛಾಯೆಯ ಮತ್ತೊಂದು ಭಾಷೆಯೂ ಜೊತೆಯಲ್ಲೇ ಬೆಳೆಯಿತು.

1920ರಿಂದ ಲೀಡ್ಸ್‌ನಲ್ಲಿ, 1925ರಿಂದ 1959ರವರೆಗೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪನ ಮಾಡಿದ ಈ ವಿದ್ವಾಂಸರಿಗೆ ಎರಡು ಶಬ್ದಕೋಶಗಳನ್ನು ಸುಮ್ಮನೆ ಸೃಷ್ಟಿಸಿದರೆ ಸಾಲದಾಗಿತ್ತು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದದ್ದು ನಿಯಮಬದ್ಧವಾಗಿ ತಾನೇ? ಅಂತೆಯೇ ಅವರ ಎರಡು ಭಾಷೆಗಳೂ ಒಂದೇ ಮೂಲದಿಂದ ನಿಯತ ಧ್ವನಿವ್ಯತ್ಯಾಸಗಳೊಡನೆ ಕವಲೊಡೆದವು. 'ಮಾತು' ಎಂಬರ್ಥದಲ್ಲಿ ಕ್ವೆನ್ಯದ 'ಕ್ವೆತ್ತ' ಇನ್ನೊಂದರಲ್ಲಿ 'ಪೆಥ್'. ಸಾವಿಲ್ಲದವರ ನುಡಿಯೂ ಏಕೆ ಬದಲಾಗಬೇಕು ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ನುಡಿಯನ್ನು ಹೊಸದಾಗಿ ರೂಪಿಸುವ ಆನಂದಕ್ಕಾಗಿ ಆ ಜನ ತಾವಾಗಿಯೇ ಅದನ್ನು ಬದಲಿಸುತ್ತಾರೆಂದು ಕಲ್ಪಿಸಿದರು.

ಅವರ ಅತ್ಯಂತ ದಿಟ್ಟ ತಿದ್ದುಪಡಿ ನಡೆದದ್ದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಅಚ್ಚಿಗೆ ಸಿದ್ಧವಾಗುತ್ತಿದ್ದಾಗ. ಅದುವರೆಗೆ ವೆಲ್ಶ್ ಛಾಯೆಯ ಭಾಷೆ ನೋಲ್ಡೋರ್ ಕುಲದ್ದಾಗಿತ್ತು. ಕಡಲಾಚೆಯ ನಾಡನ್ನು ತೊರೆದು ಬಂದವರು ಅವರು. ಈಗ ಅದು 'ಸಿಂಡರಿನ್' ಎಂಬ ಹೆಸರು ತಳೆದು, ವಲಸೆ ಹೋಗದೆ ಉಳಿದಿದ್ದ ಸ್ಥಳೀಯರ ನುಡಿಯಾಯಿತು. ಪದಗಳು ಬಹುಮಟ್ಟಿಗೆ ಹಳೆಯವೇ, ಆದರೆ ಅವುಗಳ ಚರಿತ್ರೆ ಹೊಸದು. ಹಾಗಾದರೆ ಬಂದವರು ಸ್ವಂತ ನುಡಿಯನ್ನು ಬಿಟ್ಟದ್ದೇಕೆ? ಅವರು ತನ್ನ ಬಂಧುಗಳನ್ನೇ ಕೊಂದವರೆಂದು ತಿಳಿದ ಸ್ಥಳೀಯ ಅರಸ ಥಿಂಗೋಲ್ ಕ್ವೆನ್ಯವನ್ನು ನಿಷೇಧಿಸುತ್ತಾನೆ. ಕ್ವೆನ್ಯ ಮನೆಮಾತಾಗಿ ಉಳಿಯದೆ ವಿದ್ಯೆಯ, ವಿಧಿಗಳ ನುಡಿಯಾಗುತ್ತದೆ. ವ್ಯಾಕರಣದ ತೊಡಕೊಂದನ್ನು ಬಿಡಿಸಹೊರಟು ಟೋಲ್ಕಿನ್ ಕೊಲೆಯ, ಶಿಕ್ಷೆಯ, ನುಡಿನಷ್ಟದ ಕಥೆಯನ್ನೇ ಗಟ್ಟಿಗೊಳಿಸಿದರು. ಪರನಾಡಿನಲ್ಲಿ ಕುಳಿತು ಓದುವವರಿಗೆ ಈ ಭಾಗ ಹೆಚ್ಚು ತಟ್ಟೀತು.

1973ರ ಸೆಪ್ಟೆಂಬರ್ 2ರಂದು ಬೋರ್ನ್‌ಮೌತ್‌ನಲ್ಲಿ ಅವರು ನಿಧನರಾದಾಗ ಆ ಪುರಾಣ ಇನ್ನೂ ಹಸ್ತಪ್ರತಿಗಳಲ್ಲೇ ಇತ್ತು. ಮಗ ಕ್ರಿಸ್ಟೋಫರ್ ಅದನ್ನು ಸಂಪಾದಿಸಿ 1977ರಲ್ಲಿ 'ದಿ ಸಿಲ್ಮರಿಲಿಯನ್' ಎಂದು ಪ್ರಕಟಿಸಿದರು. 1930ರ ದಶಕದ ಧಾತುಕೋಶದಲ್ಲಿ ಮಾತ್ರ ಆ ಪದಗಳು ಇಂದಿಗೂ ಹಳೆಯ ನೋಲ್ಡೋರ್ ನುಡಿಯ ಹೆಸರಿನಲ್ಲೇ ಇವೆ.