ಟಿ. ಸುಂದರ ರಾವ್
ತಂಡಲಂ ಸುಂದರ ರಾವ್ ಅವರು ಕಾಗದ ಮಡಿಸಿ ರೇಖಾಗಣಿತ ಕಲಿಸುವ ಕ್ರಮವನ್ನು ಗ್ರಂಥರೂಪಕ್ಕೆ ತಂದ ಭಾರತೀಯ ಲೇಖಕರು. ಗಣಿತ ಅವರ ವೃತ್ತಿಯಾಗಿರಲಿಲ್ಲ. ಅಂದು ಕೊಳ್ಳೇಗಾಲ, ಹನೂರುಗಳನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದ ಕಂದಾಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಅವರ ಇಂಗ್ಲಿಷ್ ಕೃತಿ ‘ಜಿಯೊಮೆಟ್ರಿಕ್ ಎಕ್ಸರ್‌ಸೈಜಸ್ ಇನ್ ಪೇಪರ್ ಫೋಲ್ಡಿಂಗ್’ 1893ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಶಿಶುವಿಹಾರದ ಮಕ್ಕಳು ಕಾಗದ ಮಡಿಸುವ ಆಟವೇ ಅದಕ್ಕೆ ಪ್ರೇರಣೆ. ಕೈವಾರವಿಲ್ಲದೆ, ಒಂದು ಚಾಕು ಮತ್ತು ಸಮಾನ ಉದ್ದಗಳನ್ನು ಗುರುತಿಸಲು ಕಾಗದದ ಚೂರುಗಳು, ಇಷ್ಟರಿಂದಲೇ ಚೌಕ, ಸಮಬಾಹು ತ್ರಿಭುಜ, ಪಂಚಭುಜಗಳನ್ನು ರಚಿಸುವ ಬಗೆಯನ್ನು ಅದು ವಿವರಿಸುತ್ತದೆ. ಶಂಕುಜಗಳಿಗೂ ಪ್ರತ್ಯೇಕ ಅಧ್ಯಾಯವಿದೆ. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಉಪನ್ಯಾಸಗಳಲ್ಲಿ ಇದನ್ನು ಉಲ್ಲೇಖಿಸಿದ ಬಳಿಕ, 1901ರಲ್ಲಿ ಷಿಕಾಗೊದಿಂದ ಪರಿಷ್ಕೃತ ಆವೃತ್ತಿ ಹೊರಬಂದಿತು. ಘನಮೂಲದ ರಚನೆ ಮಡಿಕೆಗಳಿಗೆ ನಿಲುಕದೆಂಬ ಅವರ ಭಾವನೆ ಮಾತ್ರ ಉಳಿಯಲಿಲ್ಲ: 1936ರಲ್ಲಿ ಇಟಲಿಯ ಮಾರ್ಗರಿಟಾ ಬೆಲೋಕ್ ಘನ ಸಮೀಕರಣಗಳನ್ನೂ ಕಾಗದ ಮಡಿಸಿ ಬಿಡಿಸಬಹುದೆಂದು ತೋರಿಸಿದರು.