ಪ್ರಧಾನಗಾಯಕನಾದ ಟೆಲೆಮನ್ನನ ಚರಿತ್ರೆ

ಆದಿತ್ಯವಾರದ ಆರಾಧನೆಯಲ್ಲಿ ಸಭೆಯವರು ಎದ್ದು ಹಾಡುವಾಗ ಮುಂದೆ ನಿಂತು ನಡಿಸುವವನೊಬ್ಬನು ಇಲ್ಲದಿದ್ದರೆ ಏನಾಗುವದೆಂದು ನಿಮಗೆಲ್ಲರಿಗೂ ಗೊತ್ತುಂಟು. ಹಿಂದಿನ ಬೆಂಚಿನ ಮುದುಕರು ಒಂದು ಸಾಲು ಹಿಂದೆ ಉಳಿಯುವರು. ಮಕ್ಕಳು ಒಂದು ಸಾಲು ಮುಂದೆ ಓಡುವರು. ಹಾರ್ಮೋನಿಯಮ್ ಬಾರಿಸುವವನು ಯಾರನ್ನು ಹಿಂಬಾಲಿಸಬೇಕೆಂದು ತಿಳಿಯದೆ ತಬ್ಬಿಬ್ಬಾಗುವನು. ಅನೇಕ ಸ್ವರಗಳನ್ನೂ ಅನೇಕ ವಾದ್ಯಗಳನ್ನೂ ಒಂದೇ ಬಾಯಿಂದ ಹೊರಟಂತೆ ನಡಿಸುವದು ಒಂದು ವಿದ್ಯೆ. ಈ ಕಾಲದಲ್ಲಿ ಯೂರೋಪು ಅಮೇರಿಕ ಖಂಡಗಳ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಕಲಿಸುವ ಉಪಾಧ್ಯಾಯರೂ ಪರೀಕ್ಷೆಗಳೂ ಪದವಿಗಳೂ ಇವೆ. ಮುನ್ನೂರು ವರುಷಗಳ ಹಿಂದೆ ಹಾಗಿರಲಿಲ್ಲ. ಆಗ ವಿಶ್ವವಿದ್ಯಾಲಯಕ್ಕೆ ನ್ಯಾಯಶಾಸ್ತ್ರ ಕಲಿಯಲು ಹೋಗಿ, ಅಲ್ಲಿ ಯಾವ ಗುರುವೂ ಕಲಿಸದ ಈ ವಿದ್ಯೆಯನ್ನು ಕಲಿತು, ಅದರಿಂದ ತಾಯಿಯ ಮನಸ್ಸನ್ನು ನೋಯಿಸುವ ಸ್ಥಿತಿಗೆ ಬಂದ ಒಬ್ಬ ಯೌವನಸ್ಥನ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಗೆಯೋರ್ಗ್ ಫಿಲಿಪ್ ಟೆಲೆಮನ್ನನು ೧೬೮೧ನೇ ಇಸವಿ ಮಾರ್ಚ್ ೧೪ನೇ ತಾರೀಕಿನಲ್ಲಿ ಜರ್ಮನಿ ದೇಶದ ಮಗ್ದೆಬುರ್ಗ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆ ಆ ಪಟ್ಟಣದ ಒಂದು ಸಭೆಯ ಬೋಧಕನು. ತಾಯಿಯೂ ಬೋಧಕನ ಮಗಳು. ಹುಡುಗನಿಗೆ ನಾಲ್ಕು ವರುಷವಾಗುವಾಗ, ಅಂದರೆ ೧೬೮೫ರಲ್ಲಿ, ತಂದೆಯು ತೀರಿಹೋದನು. ವಿಧವೆಯಾದ ತಾಯಿಯೇ ಮಕ್ಕಳನ್ನು ಸಾಕಿ ಓದಿಸಿದಳು.

ಶಾಲೆಯಲ್ಲಿ ಇವನು ಹಾಡುವದನ್ನು ಕಲಿತನು. ಕೀಲಿಮಣೆಯ ವಾದ್ಯವನ್ನು ಒಬ್ಬ ಆರ್ಗನ್ ವಾದಕನ ಬಳಿಯಲ್ಲಿ ಎರಡು ವಾರ ಮಾತ್ರ ಕಲಿತು ಬಿಟ್ಟನು. ಪಿಟೀಲನ್ನೂ ಕೊಳಲನ್ನೂ ತಾನಾಗಿಯೇ ಅಭ್ಯಾಸಮಾಡಿದನು. ಹನ್ನೆರಡು ವರುಷದವನಾಗಿದ್ದಾಗಲೇ ಒಂದು ಸಂಗೀತ ನಾಟಕವನ್ನು ರಚಿಸಿ, ಅದರಲ್ಲಿ ಮುಖ್ಯ ಪಾತ್ರವನ್ನು ತಾನೇ ವಹಿಸಿ ಹಾಡಿದನು. ಆಗ ತಾಯಿಗೆ ಭಯ ಹಿಡಿಯಿತು. ನೆರೆಹೊರೆಯವರು ಬಂದು, ಈ ಹುಡುಗನು ಹೀಗೆಯೇ ಬೆಳೆದರೆ ಹಗ್ಗದ ಮೇಲೆ ನಡೆಯುವವರ ಮತ್ತು ಊರೂರಿಗೆ ಪ್ರಾಣಿಗಳನ್ನು ಕುಣಿಸುತ್ತಾ ತಿರುಗುವವರ ಗುಂಪಿಗೆ ಸೇರುವನೆಂದು ಆಕೆಯ ಕಿವಿಯಲ್ಲಿ ತುಂಬಿದರು. ಆಕೆಯು ವಾದ್ಯಗಳನ್ನೂ ರಾಗ ಬರೆದ ಕಾಗದಗಳನ್ನೂ ಕಸುಕೊಂಡಳು. ಈ ತಾಯಿಯನ್ನು ಮೂರ್ಖಳೆಂದು ಹಳಿಯುವದಕ್ಕೆ ನಮಗೆ ಮನಸ್ಸಿಲ್ಲ. ಗಂಡನಿಲ್ಲದ ಮನೆಯಲ್ಲಿ ಮಗನು ಗೌರವದ ಉದ್ಯೋಗಕ್ಕೆ ಸೇರಬೇಕೆಂದು ಹಂಬಲಿಸದ ತಾಯಿ ಯಾರು? ಆದರೆ ಹುಡುಗನು ರಾತ್ರಿಯಲ್ಲಿ ದೀಪದ ಮುಂದೆ ಕುಳಿತು ಗುಟ್ಟಾಗಿ ಬರೆಯುತ್ತಲೂ, ಎರವಲು ತಂದ ವಾದ್ಯಗಳನ್ನು ಯಾರೂ ಇಲ್ಲದ ಸ್ಥಳಗಳಿಗೆ ಕೊಂಡುಹೋಗಿ ಬಾರಿಸುತ್ತಲೂ ಇದ್ದನು.

ಅವನನ್ನು ಸಂಗೀತದಿಂದ ದೂರಮಾಡಬೇಕೆಂದು ತಾಯಿಯು ಹಾರ್ತ್ಸ್ ಎಂಬ ಬೆಟ್ಟದ ಸೀಮೆಯ ಜೆಲ್ಲರ್‌ಫೆಲ್ಡ್ ಊರಿಗೆ ಕಳುಹಿಸಿದಳು. ಅದು ಗಣಿ ಕೆಲಸದವರ ಊರು. ಅಲ್ಲಿಯ ಸಭೆಗಳ ಮೇಲ್ವಿಚಾರಕನಾದ ಕಾಸ್ಪರ್ ಕಲ್ವೋರ್ ಎಂಬವನಿಗೆ ಹುಡುಗನನ್ನು ಒಪ್ಪಿಸಿದಳು. ಆದರೆ ಆಕೆಯು ಎಣಿಸಿದ್ದೇ ಒಂದು, ನಡೆದದ್ದೇ ಒಂದು; ಈ ಕಲ್ವೋರನು ಸಂಗೀತ ಶಾಸ್ತ್ರದಲ್ಲಿ ಬಹು ಆಸಕ್ತಿಯುಳ್ಳವನಾಗಿದ್ದನು! ಒಂದು ಸಾರಿ ಗಣಿಯವರ ಹಬ್ಬವು ಹತ್ತಿರವಾದಾಗ ಆ ಊರಿನ ಗಾಯನವನ್ನು ನಡಿಸುವವನು ಕಾಯಿಲೆಬಿದ್ದನು. ಟೆಲೆಮನ್ನನು ರಾಗವನ್ನು ರಚಿಸಿಕೊಟ್ಟದ್ದಲ್ಲದೆ ಗಾಯಕರ ಮುಂದೆ ತಾನೇ ನಿಂತನು. ಅವನ ಎತ್ತರವು ಆಗ ನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು. ಆದಕಾರಣ ಎಲ್ಲರಿಗೂ ಕಾಣಿಸುವಂತೆ ಅವನನ್ನು ಒಂದು ಸಣ್ಣ ಮಣೆಯ ಮೇಲೆ ನಿಲ್ಲಿಸಬೇಕಾಯಿತು. ಆರಾಧನೆ ಮುಗಿದ ಮೇಲೆ ಗಣಿ ಕೆಲಸದವರು ಸಂತೋಷದಿಂದ ಅವನನ್ನು ಎತ್ತಿಕೊಂಡು ಮನೆಗೆ ಮುಟ್ಟಿಸಿದರು. ತನ್ನ ರಾಗಕ್ಕಿಂತ ತನ್ನ ಗಿಡ್ಡ ಆಕಾರವೇ ಅವರಿಗೆ ಹೆಚ್ಚು ಮೆಚ್ಚಿಕೆಯಾಯಿತೆಂದು ಅವನು ದೊಡ್ಡವನಾದ ಮೇಲೆ ನಗುತ್ತಾ ಬರೆದಿಟ್ಟಿದ್ದಾನೆ.

ತರುವಾಯ ಹಿಲ್ದೆಸ್‌ಹೈಮ್ ಪಟ್ಟಣದ ಶಾಲೆಯಲ್ಲಿ ಓದುವಾಗ ಅವನು ಇನ್ನೂ ಅನೇಕ ವಾದ್ಯಗಳನ್ನು ಅಭ್ಯಾಸಮಾಡಿದನು. ಊದುವ ವಾದ್ಯಗಳಲ್ಲಿ ಹಲವು, ಬಿಲ್ಲಿನಿಂದ ಬಾರಿಸುವ ವಾದ್ಯಗಳಲ್ಲಿ ಸಣ್ಣದರಿಂದ ಆಳೆತ್ತರದ್ದರ ವರೆಗೆ ಎಲ್ಲವೂ ಅವನ ಕೈಗೆ ಬಗ್ಗಿದವು. ಯಾವದರಲ್ಲಿಯೂ ಅದ್ವಿತೀಯನಾಗಬೇಕೆಂದಲ್ಲ, ಪ್ರತಿಯೊಂದು ವಾದ್ಯಕ್ಕೆ ಯಾವದು ಸುಲಭ, ಯಾವದು ಕಷ್ಟ, ಬಾರಿಸುವವನಿಗೆ ಎಲ್ಲಿ ಉಸಿರು ಬೇಕು, ಎಲ್ಲಿ ಬೆರಳು ತಡೆಯುವದು ಎಂಬದನ್ನು ತನ್ನ ಕೈಯಿಂದಲೇ ತಿಳಿದುಕೊಂಡನು. ಇತರರನ್ನು ನಡಿಸುವವನಿಗೆ ಇದಕ್ಕಿಂತ ಒಳ್ಳೇ ಪಾಠವಿಲ್ಲ.

೧೭೦೧ರಲ್ಲಿ ತಾಯಿಯ ಇಷ್ಟದಂತೆ ನ್ಯಾಯಶಾಸ್ತ್ರ ಕಲಿಯುವದಕ್ಕೋಸ್ಕರ ಅವನು ಲೈಪ್ಸಿಗ್ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೊರಟನು. ಸಂಗೀತವನ್ನು ಪೂರ್ಣವಾಗಿ ಬಿಟ್ಟುಬಿಡುವೆನೆಂಬ ನಿಶ್ಚಯದಿಂದ ವಾದ್ಯಗಳನ್ನು ಮನೆಯಲ್ಲಿಯೇ ಇಟ್ಟನು. ದಾರಿಯಲ್ಲಿ ಹಲ್ಲೆ ಪಟ್ಟಣದಲ್ಲಿ ಹದಿನಾರು ವರುಷದ ಹೆಂಡಲ್ ಎಂಬವನ ಪರಿಚಯವಾಗಿ, ಆ ನಿಶ್ಚಯವು ಅಲ್ಲಿಯೇ ಸ್ವಲ್ಪ ಸಡಿಲವಾಯಿತು. ಈ ಹೆಂಡಲನು ಮುಂದೆ ಇಂಗ್ಲೆಂಡಿನಲ್ಲಿ ಮೆಸ್ಸೀಯನ ಕುರಿತಾದ ಮಹಾ ಗಾಯನವನ್ನು ರಚಿಸಿ ಲೋಕಪ್ರಸಿದ್ಧನಾದನು. ಇವರಿಬ್ಬರ ಸ್ನೇಹವು ಹೆಂಡಲನ ಮರಣದ ವರೆಗೂ ನಿಂತಿತು.

ಲೈಪ್ಸಿಗಿನಲ್ಲಿ ಟೆಲೆಮನ್ನನೊಂದಿಗೆ ಒಂದೇ ಕೋಣೆಯಲ್ಲಿ ವಾಸಿಸಿದ ವಿದ್ಯಾರ್ಥಿಯು ಸಂಗೀತಪ್ರಿಯನಾಗಿದ್ದನು. ಇವನಾದರೋ ತನ್ನ ವಿದ್ಯೆಯನ್ನು ಬಚ್ಚಿಟ್ಟುಕೊಂಡು ಕಾನೂನಿನ ಪುಸ್ತಕಗಳನ್ನು ಓದುತ್ತಿದ್ದನು. ಆದರೆ ಒಂದು ದಿವಸ ಇವನ ಸಾಮಾನುಗಳ ನಡುವೆ ೬ನೇ ಕೀರ್ತನೆಗೆ ಇವನು ರಾಗ ಹಾಕಿ ಬರೆದಿದ್ದ ಕಾಗದವು ಆ ಸ್ನೇಹಿತನ ಕಣ್ಣಿಗೆ ಬಿತ್ತು. ರೋಗದಲ್ಲಿಯೂ ಕಣ್ಣೀರಿನಲ್ಲಿಯೂ ದೇವರನ್ನು ಕೂಗುವ ಆ ಕೀರ್ತನೆಯನ್ನು ನಮ್ಮ ಸಭೆಗಳಲ್ಲಿ ಅರಿಯದವರಿಲ್ಲ. ಸ್ನೇಹಿತನು ಅದನ್ನು ಕೇಳಿಕೊಂಡನು. ಅದು ಮುಂದಿನ ಆದಿತ್ಯವಾರ ಸಂತ ತೋಮನ ದೇವಾಲಯದಲ್ಲಿ ಹಾಡಲ್ಪಟ್ಟಿತು. ಪಟ್ಟಣಾಧಿಕಾರಿಯಾದ ರೋಮಾನುಸ್ ಎಂಬವನು ಅದನ್ನು ಕೇಳಿ ಮೆಚ್ಚಿ, ಆ ದೇವಾಲಯಕ್ಕೆ ಎರಡು ವಾರಕ್ಕೊಂದು ಗಾಯನವನ್ನು ರಚಿಸಿಕೊಡಬೇಕೆಂದು ಸಂಬಳ ಗೊತ್ತುಮಾಡಿದನು.

ಈಗ ಯೌವನಸ್ಥನು ಇಕ್ಕಟ್ಟಿಗೆ ಸಿಕ್ಕಿದನು. ತಾಯಿಯು ಕಳುಹಿಸಿದ ಹಣದಿಂದ ತಾಯಿಯು ಒಪ್ಪದ ಕೆಲಸವನ್ನು ಮಾಡುತ್ತಾ ಸುಮ್ಮನಿರುವದು ಮೋಸವಾಗುತ್ತಿತ್ತು. ಅನೇಕ ವಿದ್ಯಾರ್ಥಿಗಳು ಹಾಗೆಯೇ ಸುಮ್ಮನಿರುತ್ತಾರೆ. ಇವನು ಆಕೆಯು ಕಳುಹಿಸಿದ ಹಣವನ್ನು ಹಿಂದಕ್ಕೆ ಕಳುಹಿಸಿ, ತನ್ನ ಸಂಗತಿಯನ್ನೆಲ್ಲಾ ತಿಳಿಸಿ, ಮನಸ್ಸು ತಿರುಗಿಸಿಕೊಳ್ಳಬೇಕೆಂದು ಬೇಡಿಕೊಂಡನು. ಆಕೆಯು ಆಶೀರ್ವಾದವನ್ನು ಬರೆದು ಕಳುಹಿಸಿದಳು. ಮಗನಿಗಿಂತ ತಾಯಿಯೇ ಇಲ್ಲಿ ದೊಡ್ಡ ಕಾರ್ಯವನ್ನು ಮಾಡಿದಳೆಂದು ನಮಗೆ ತೋರುತ್ತದೆ; ಯಾಕಂದರೆ ಎಂಟು ವರುಷ ಹಿಡಿದ ಹಟವನ್ನು ಒಂದು ಕಾಗದದಿಂದ ಬಿಡುವದು ಸುಲಭವಲ್ಲ.

ಆಗ ೧೭೦೨ರಲ್ಲಿ ಅವನು ವಿದ್ಯಾರ್ಥಿಗಳನ್ನು ಕೂಡಿಸಿ ಒಂದು ಸಂಘವನ್ನು ಏರ್ಪಡಿಸಿದನು. ಇಂಥ ಸಂಘಗಳಿಗೆ ಲತೀನ್ ಭಾಷೆಯಲ್ಲಿ ಕೊಲೆಗಿಯುಮ್ ಮುಸಿಕುಮ್ ಎನ್ನುವರು. ಸಂಗೀತಕ್ಕಾಗಿ ಕೂಡುವವರ ಸಂಘವೆಂದರ್ಥ. ಅದರಲ್ಲಿ ೪೦ ಮಂದಿಯ ವರೆಗೂ ಸೇರುತ್ತಿದ್ದರು. ನ್ಯಾಯಶಾಸ್ತ್ರ, ದೇವಶಾಸ್ತ್ರ ಮುಂತಾದವುಗಳನ್ನು ಓದುವವರೇ ಹಗಲಿನ ಪಾಠ ತೀರಿದ ಮೇಲೆ ಬಂದು ಹಾಡುವರು, ಬಾರಿಸುವರು. ಅವರನ್ನು ಹಿಡಿದು ತರುವ ಅಧಿಕಾರ ಯಾರಿಗೂ ಇರಲಿಲ್ಲ. ಆದಕಾರಣ ಅವರು ಮತ್ತೆ ಬರುವಂತೆ ಮಾಡುವದೇ ನಡಿಸುವವನ ಮೊದಲನೆಯ ಕೆಲಸವಾಗಿತ್ತು. ಗ್ರಾಮದ ಸಭೆಯಲ್ಲಿ ಹೊಲದಿಂದ ದಣಿದು ಬಂದ ಯೌವನಸ್ಥರನ್ನು ಕೂಡಿಸಿ ಕ್ರಿಸ್ತಜಯಂತಿಯ ಹಾಡುಗಳನ್ನು ಕಲಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊದಲನೆಯ ರಾತ್ರಿ ಇಪ್ಪತ್ತು ಮಂದಿ, ಮೂರನೆಯ ರಾತ್ರಿ ಆರು ಮಂದಿ!

ನಡಿಸುವ ಕ್ರಮವು ಹೇಗಿತ್ತೆಂದರೆ: ಹಾಡುವವನಿಗೂ ಬಾರಿಸುವವನಿಗೂ ಅವನವನ ಭಾಗವನ್ನು ಮಾತ್ರ ಕೈಯಿಂದ ಬರೆದು ಕೊಡುತ್ತಿದ್ದರು. ಪಿಟೀಲಿನವನಿಗೆ ಕೊಳಲಿನವನ ಭಾಗ ಗೊತ್ತಿಲ್ಲ. ಮೇಲಿನ ಸ್ವರದವನಿಗೆ ಕೆಳಗಿನ ಸ್ವರದವನು ಎಲ್ಲಿ ಆರಂಭಿಸುವನೆಂದು ತಿಳಿಯದು. ಎಲ್ಲವನ್ನೂ ಒಟ್ಟಾಗಿ ಬಲ್ಲವನು ನಡಿಸುವವನೊಬ್ಬನೇ. ಈಗಿನವರು ಹಿಡಿಯುವ ಸಣ್ಣ ಕೋಲು ಆಗ ಇರಲಿಲ್ಲ. ಅದು ನೂರು ವರುಷಗಳ ಅನಂತರ ಸಾಮಾನ್ಯವಾಯಿತು. ದೇವಾಲಯದಲ್ಲಿ ನಡಿಸುವವನು ಸುರುಳಿ ಮಾಡಿದ ಕಾಗದವನ್ನು ಕೈಯಲ್ಲಿ ಹಿಡಿದು ತಾಳ ತೋರಿಸುವನು. ಇಲ್ಲವೆ ಕೀಲಿಮಣೆಯ ಮುಂದೆ ಕುಳಿತು ಬಾರಿಸುತ್ತಲೇ, ಅಥವಾ ಪಿಟೀಲು ಹಿಡಿದುಕೊಂಡೇ ತಲೆಯಿಂದಲೂ ಕಣ್ಣಿನಿಂದಲೂ ಉಳಿದವರನ್ನು ನಡಿಸುವನು. ಯಾರಾದರೂ ತಪ್ಪಿದರೆ ಅವನ ಭಾಗವನ್ನು ತಾನೇ ಬಾರಿಸಿ ಅಥವಾ ಹಾಡಿ ದಾರಿಗೆ ತರಬೇಕು. ಟೆಲೆಮನ್ನನು ಚಿಕ್ಕಂದಿನಿಂದ ಕದ್ದು ಕಲಿತ ವಾದ್ಯಗಳೆಲ್ಲವೂ ಇಲ್ಲಿ ಪ್ರಯೋಜನಕ್ಕೆ ಬಂದವು.

ಪಟ್ಟಣದ ಸಂಗೀತ ನಾಟಕಶಾಲೆಯನ್ನು ನಡಿಸುವ ಕೆಲಸವೂ ಅದೇ ಕಾಲದಲ್ಲಿ ಅವನಿಗೆ ದೊರೆಯಿತು. ೧೭೦೪ರಲ್ಲಿ ಹೊಸ ದೇವಾಲಯವೆಂದು ಕರೆಯಲ್ಪಡುವ ಆಲಯದ ಆರ್ಗನ್ನೂ ಗಾಯನವೂ ಅವನ ವಶಕ್ಕೆ ಬಂದವು. ಅವನ ಸಂಘದ ವಿದ್ಯಾರ್ಥಿಗಳೇ ಹಬ್ಬದ ದಿವಸಗಳಲ್ಲಿ ಅಲ್ಲಿ ಹಾಡುತ್ತಿದ್ದರು.

ಇದರಿಂದ ಒಬ್ಬನಿಗೆ ನಷ್ಟವಾಯಿತು. ಸಂತ ತೋಮನ ಶಾಲೆಯ ಗಾಯನಗುರುವಾದ ಯೋಹಾನ್ ಕೂನೌ ಎಂಬವನು ಪಟ್ಟಣದ ದೇವಾಲಯಗಳ ಸಂಗೀತಕ್ಕೆಲ್ಲಾ ಮುಖ್ಯಸ್ಥನಾಗಿದ್ದನು. ಪ್ರಾಯದ ವಿದ್ಯಾರ್ಥಿಗಳು ಸ್ವೇಚ್ಛೆಯಿಂದ ಬಂದು ಸಹಾಯಮಾಡಿದರೆ ಮಾತ್ರ ಅವನ ಗಾಯಕ ಮಂಡಲಿಯು ಬಲವಾಗಿರುತ್ತಿತ್ತು. ಈಗ ಅವರು ನಾಟಕಶಾಲೆಗೂ ಹೊಸ ದೇವಾಲಯಕ್ಕೂ ಓಡಿಹೋಗಲಾಗಿ ಅವನು ಪಟ್ಟಣದ ಸಭೆಗೆ ಮನವಿ ಬರೆದು ದೂರಿಕೊಂಡನು. ಆದರೂ ಪರಿಹಾರ ದೊರೆಯಲಿಲ್ಲ. ಟೆಲೆಮನ್ನನ ಚರಿತ್ರೆಯನ್ನು ಬರೆಯುವವರು ಕೂನೌನನ್ನು ಹೊಟ್ಟೆಕಿಚ್ಚಿನ ಮುದುಕನಂತೆ ಚಿತ್ರಿಸುವದುಂಟು, ಅದು ನ್ಯಾಯವಲ್ಲ. ಅವನಿಗೆ ಆಗ ನಾಲ್ವತ್ತು ದಾಟಿತ್ತಷ್ಟೆ. ಅವನೂ ನ್ಯಾಯಶಾಸ್ತ್ರ ಓದಿದ ಪಂಡಿತನು. ಅವನ ದೂರು ಸತ್ಯವಾಗಿತ್ತು. ಅನೇಕ ಸ್ವರಗಳನ್ನು ಒಂದರ ಮೇಲೊಂದು ಕೂಡಿಸುವ ಕ್ರಮವನ್ನು ಟೆಲೆಮನ್ನನು ಅವನ ರಚನೆಗಳನ್ನು ನೋಡಿಯೇ ಕಲಿತನು. ಗುರುವಿನ ಕೆಲಸದಿಂದ ಕಲಿತು ಗುರುವಿನ ಗಾಯಕರನ್ನೇ ಎಳೆದುಕೊಂಡದ್ದು ಅವನ ಯೌವನದ ಒಂದು ಕಲೆಯಾಗಿಯೇ ಉಳಿಯಿತು.

೧೭೦೫ರಲ್ಲಿ ಲೈಪ್ಸಿಗನ್ನು ಬಿಟ್ಟು, ಸೋರೌ ಎಂಬಲ್ಲಿಯ ಒಬ್ಬ ಪ್ರಭುವಿನ ಆಸ್ಥಾನಕ್ಕೆ ಹೋದನು. ಆ ಪ್ರಭುವಿನೊಂದಿಗೆ ಪೋಲೆಂಡ್ ಸೀಮೆಗೆ ಪ್ರಯಾಣಮಾಡಿದಾಗ ಹಳ್ಳಿಯ ವಾದ್ಯಗಾರರು ಹೆಂಡದಂಗಡಿಗಳಲ್ಲಿ ಬಾರಿಸುವದನ್ನು ಕೇಳಿದನು. ಒಮ್ಮೆ ತಿತ್ತಿಯಿಂದ ಊದುವ ೩೬ ವಾದ್ಯಗಳೂ ೮ ಪಿಟೀಲುಗಳೂ ಕೂಡಿದ್ದವಂತೆ. ಪಂಡಿತರು ಕೀಳೆಂದು ಮೂಗು ಮುರಿಯುವ ಆ ಹಳ್ಳಿಯ ರಾಗಗಳನ್ನು ಅವನು ಗಮನವಿಟ್ಟು ಕೇಳಿ, ತನ್ನ ರಚನೆಗಳಲ್ಲಿ ಸೇರಿಸಿಕೊಂಡನು. ಐಸೆನಾಖಿನಲ್ಲಿದ್ದಾಗ ೧೭೦೯ರಲ್ಲಿ ಮದುವೆಯಾದನು; ಆ ಹೆಂಡತಿಯು ೧೭೧೧ರಲ್ಲಿ ಒಂದು ಹೆಣ್ಣು ಮಗುವನ್ನು ಹೆತ್ತು ತೀರಿಹೋದಳು. ಫ್ರಾಂಕ್‌ಫುರ್ಟ್ ಪಟ್ಟಣದಲ್ಲಿ ೧೭೧೨ರಿಂದ ದೇವಾಲಯದ ಗಾಯನವನ್ನು ನಡಿಸುವದರೊಂದಿಗೆ ಅಲ್ಲಿಯೂ ಒಂದು ಸಂಗೀತ ಸಂಘವನ್ನು ನಡಿಸಿದನು. ಅಲ್ಲಿ ೧೭೧೪ರಲ್ಲಿ ಪುನಃ ಮದುವೆಯಾದನು. ಈ ಸಂಸಾರವು ಕೊನೆಗೆ ಒಡೆಯಿತು. ಆಕೆಯು ಜೂಜಿನಿಂದ ಮಾಡಿದ ಸಾಲವನ್ನು ತೀರಿಸಲು ಪಟ್ಟಣದವರೇ ಹಣ ಕೂಡಿಸಿಕೊಡಬೇಕಾಯಿತು.

೧೭೨೧ರಲ್ಲಿ ಹಾಂಬುರ್ಗ್ ಪಟ್ಟಣವು ಅವನನ್ನು ಕರೆಯಿತು. ಐದು ಮುಖ್ಯ ದೇವಾಲಯಗಳ ಗಾಯನವು ಅವನ ಜವಾಬ್ದಾರಿಯಾಯಿತು. ವಾರಕ್ಕೆ ಎರಡು ಗಾಯನಗಳನ್ನೂ, ವರುಷಕ್ಕೊಂದು ಸಾರಿ ಕ್ರಿಸ್ತನ ಶ್ರಮೆಯ ಕಥೆಯನ್ನು ಹಾಡುವ ದೊಡ್ಡ ಗಾಯನವನ್ನೂ ಅವನು ಒದಗಿಸಬೇಕಾಗಿತ್ತು. ಇಷ್ಟಾದರೂ ದೇವಾಲಯದ ಹೊರಗೆ ಹಣ ಕೊಟ್ಟು ಬರುವವರ ಮುಂದೆ ಗಾಯನಗಳನ್ನು ನಡಿಸುತ್ತಾನೆಂದು ೧೭೨೨ರಲ್ಲಿ ಕೆಲವು ಹಿರಿಯರು ಅವನ ಮೇಲೆ ತಪ್ಪು ಹೊರಿಸಿದರು. ಅದೇ ವರುಷದಲ್ಲಿ ಲೈಪ್ಸಿಗಿನಲ್ಲಿ ಕೂನೌ ತೀರಿಹೋಗಿ, ಅವನ ಸ್ಥಾನಕ್ಕೆ ಆ ಪಟ್ಟಣದವರು ಯಾರನ್ನು ಆರಿಸಿದರೆಂದು ಎಣಿಸುತ್ತೀರಿ? ಟೆಲೆಮನ್ನನನ್ನೇ! ಅವನು ಈ ಕರೆಯನ್ನು ಹಾಂಬುರ್ಗಿನವರಿಗೆ ತೋರಿಸಿ ಸಂಬಳವನ್ನು ಹೆಚ್ಚಿಸಿಕೊಂಡು ಅಲ್ಲಿಯೇ ನಿಂತನು. ಅವನು ಬಾರದೆ ಹೋದದ್ದರಿಂದ ಲೈಪ್ಸಿಗಿನವರು ಇನ್ನೊಬ್ಬನನ್ನು ಕೇಳಿ, ಅವನಿಗೂ ಅಪ್ಪಣೆ ದೊರೆಯದಿರಲು ೧೭೨೩ರಲ್ಲಿ ಯೋಹಾನ್ ಸೆಬಾಸ್ತಿಯನ್ ಬಾಖ್ ಎಂಬವನನ್ನು ನೇಮಿಸಿದರು. ಟೆಲೆಮನ್ನನು ವಿದ್ಯಾರ್ಥಿಯಾಗಿದ್ದಾಗ ಕೂಡಿಸಿದ್ದ ಸಂಘವು ಆಗಲೂ ಇತ್ತು. ೧೭೨೯ರಲ್ಲಿ ಅದನ್ನು ನಡಿಸುವ ಕೆಲಸವು ಬಾಖನಿಗೇ ಬಂತು.

ನಮ್ಮಂಥ ಸಣ್ಣ ಸಭೆಗಳವರು ಅವನ ಒಂದು ಕೃತಿಯನ್ನು ವಿಶೇಷವಾಗಿ ತಿಳಿದಿರಬೇಕು. ೧೭೨೫-೨೬ರಲ್ಲಿ ಅವನು ೭೨ ಗಾಯನಗಳನ್ನು ಅಚ್ಚುಮಾಡಿಸಿದನು. ಅವುಗಳಿಗೆ ದೊಡ್ಡ ಮಂಡಲಿ ಬೇಡ. ಹಾಡುವವನೊಬ್ಬನು, ಪಿಟೀಲನ್ನೋ ಕೊಳಲನ್ನೋ ಬಾರಿಸುವವನೊಬ್ಬನು, ಆಧಾರಸ್ವರಕ್ಕೆ ಕೀಲಿಮಣೆ, ಇಷ್ಟಿದ್ದರೆ ಸಾಕು. ನಾಲ್ವತ್ತು ಮಂದಿಯನ್ನು ನಡಿಸಿ ಬಲ್ಲವನು ಮನೆಯಾರಾಧನೆಯ ಇಬ್ಬರು ಮೂವರನ್ನು ಮರೆಯಲಿಲ್ಲ.

ಮುಪ್ಪಿನಲ್ಲಿ ಅವನು ತೋಟದ ಹೂಗಳ ಮೇಲೆ ಬಹಳ ಪ್ರೀತಿಯಿಟ್ಟನು. ಹೆಂಡಲನು ಲಂಡನಿನಿಂದ ಅವನಿಗೆ ಅಪರೂಪದ ಗಿಡಗಳನ್ನು ಕಳುಹಿಸಿದನು. ಕಣ್ಣು ಮಂದವಾದರೂ ಬರೆಯುವದನ್ನು ನಿಲ್ಲಿಸಲಿಲ್ಲ. ೧೭೬೭ನೇ ಇಸವಿ ಜೂನ್ ೨೫ನೇ ತಾರೀಕಿನಲ್ಲಿ, ೮೬ ವರುಷದವನಾಗಿ ಹಾಂಬುರ್ಗಿನಲ್ಲಿ ನಿದ್ರೆಹೊಂದಿದನು. ಅವನ ರಚನೆಗಳು ಮೂರು ಸಾವಿರಕ್ಕಿಂತ ಹೆಚ್ಚೆಂದು ಎಣಿಸುತ್ತಾರೆ. ೧೯ನೇ ಶತಮಾನದವರು ಅವನನ್ನು ಮರೆತು ಹಗುರವಾಗಿ ಮಾತಾಡಿದರು. ೨೦ನೇ ಶತಮಾನದಲ್ಲಿ ಅವನ ಗಾಯನಗಳು ಮತ್ತೆ ಹಾಡಲ್ಪಡತೊಡಗಿದವು.

ಮರುವರುಷ ಅವನ ಸ್ಥಾನಕ್ಕೆ ಬಂದವನು ಮೇಲೆ ಹೇಳಿದ ಬಾಖನ ಮಗನು. ಇವನೂ ಲೈಪ್ಸಿಗಿನಲ್ಲಿಯೂ ಓದರ್ ನದಿಯ ಮೇಲಿರುವ ಫ್ರಾಂಕ್‌ಫುರ್ಟಿನಲ್ಲಿಯೂ ನ್ಯಾಯಶಾಸ್ತ್ರ ಓದಲು ಹೋಗಿ, ಆ ಎರಡನೆಯ ಪಟ್ಟಣದಲ್ಲಿ ವಿದ್ಯಾರ್ಥಿಗಳ ಗಾಯನವನ್ನು ನಡಿಸಿದವನೇ. ೧೭೧೪ರಲ್ಲಿ ಇವನಿಗೆ ದೀಕ್ಷಾಸ್ನಾನವಾದಾಗ ಟೆಲೆಮನ್ನನು ಜ್ಞಾನತಂದೆಯಾಗಿದ್ದನು. ಮಗುವಿನ ಹೆಸರಿನಲ್ಲಿದ್ದ ಫಿಲಿಪ್ ಎಂಬ ಭಾಗವು ಅವನದೇ.